ಸಹಾಯ ಬೇಕು: ಅಬ್‌ಸ್ಟಕಲ್ ರೇಸ್‌ನಲ್ಲಿ ಕೈ ಹಿಡಿತ ಉಳಿಸಿಕೊಳ್ಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮೊದಲ ಸಲ ಅಬ್‌ಸ್ಟಕಲ್ ರೇಸಿಂಗ್ (ದಾರಿಯಲ್ಲಿ ಅಡೆತಡೆ ದಾಟುತ್ತಾ ಓಡುವ ಸ್ಪರ್ಧೆ) ವಿಶ್ವ ಚಾಂಪಿಯನ್‌ಶಿಪ್‌ಗೆ ಹೋಗುತ್ತಿದ್ದೇನೆ, 15 ಕಿಲೋಮೀಟರ್ ವಿಭಾಗ. ಓಟದ ಚಿಂತೆ ಇಲ್ಲ, ಕೈ ಹಿಡಿತದ್ದೇ ಚಿಂತೆ. ಅಡೆತಡೆ ತಪ್ಪಿದರೆ ದಂಡವಾಗಿ ಬರ್ಪಿ (ನೆಲಕ್ಕೆ ಮಲಗಿ ಎದ್ದು ಜಿಗಿಯುವ ವ್ಯಾಯಾಮ) ಹೊಡೆದು ಮುಂದೆ ಹೋಗುವ ಹಾಗಿಲ್ಲ ಅಲ್ವಾ ಇಲ್ಲಿ. ಅಡೆತಡೆ ದಾಟಲು ಆಗದಿದ್ದರೆ ಕೈಯ ಬ್ಯಾಂಡ್ ಹೋಯಿತು, ಓಟ ಮುಗಿಸಿದರೂ ರ‍್ಯಾಂಕ್ ಇಲ್ಲ. ಮತ್ತೆ ಪ್ರಯತ್ನಿಸಬಹುದು, ನಿಜ. ಆದರೆ ಮುಂಗೈ ಒಮ್ಮೆ ಕಲ್ಲಿನಂತೆ ಬಿಗಿದರೆ ಬೆರಳು ತಾನಾಗೇ ಬಿಚ್ಚಿಕೊಳ್ಳುತ್ತದೆ.

ಒಣಗಿದ ಕಂಬಿಯಲ್ಲಿ ಆರಾಮಾಗಿ ನೇತಾಡುತ್ತೇನೆ. ಮರಳುಚೀಲ ಹೊತ್ತು ಗುಡ್ಡ ಹತ್ತಿ ಬಂದು, ಒದ್ದೆ ಕೈಯಲ್ಲಿ, ನೇತಾಡಿ ದಾಟಬೇಕಾದ ತಿರುಗುವ ಚಕ್ರ ಹಿಡಿದರೆ ಜಾರುತ್ತೇನೆ.

ಅನುಭವ ಇದ್ದವರು ಹೇಳಿ: ಬಿದ್ದ ಮೇಲೆ ತಕ್ಷಣ ಮತ್ತೆ ಹತ್ತುತ್ತೀರಾ, ಕೈ ಸಡಿಲ ಆಗುವ ತನಕ ಕಾಯುತ್ತೀರಾ? ಕೊನೆಯ ವಾರ ನೇತಾಡುವ ಅಭ್ಯಾಸ ಪೂರ್ತಿ ಬಿಡಬೇಕಾ? ಸುಮ್ನೆ 'ಪುಲ್-ಅಪ್ ಜಾಸ್ತಿ ಮಾಡಿ' ಅನ್ನಬೇಡಿ, ಅದು ಸಾಕಷ್ಟು ಆಗಿದೆ.