ಇಳಕಲ್ ಸೀರೆಗೆ ಅತ್ತೆ ಕೊಟ್ಟ ಬೋರಮಾಳ ಹಾಕ್ಲಾ, ಟೆಂಪಲ್ ಸೆಟ್ ಹಾಕ್ಲಾ? ಸ್ವಲ್ಪ ಹೇಳಿ ಪ್ಲೀಸ್

ಸಂಪಿಗೆ_ಮೈಸೂರು:

ಎಲ್ರಿಗೂ ನಮಸ್ಕಾರ. ಮುಂದಿನ ತಿಂಗಳು ನಮ್ಮ ಮೈದುನನ ಮದುವೆ, ಬಾಗಲಕೋಟೆಲಿ. ನಾನು ಮೈಸೂರು ಕಡೆಯವಳು, ಮದುವೆಯಾಗಿ ಮೂರು ವರ್ಷ ಆಯ್ತು, ಇರೋದು ಬೆಂಗಳೂರಲ್ಲಿ, ಹಂಗಾಗಿ ಆ ಮನೆ ದೊಡ್ಡ ಫಂಕ್ಷನ್ನಲ್ಲಿ ಹಿರಿ ಸೊಸೆ ಅಂತ ಓಡಾಡೋದು ಇದೇ ಮೊದಲ ಸಲ, ಚೆನ್ನಾಗಿ ಕಾಣ್ಬೇಕು ಅನ್ನೋದು ಒಂದು ಕಡೆ, ಅಲ್ಲಿನವರಿಗೆ ಹೊರಗಿನವಳು ಅನ್ನಿಸ್ಬಾರ್ದು ಅನ್ನೋದು ಇನ್ನೊಂದು ಕಡೆ.

ಬೆಳಗ್ಗೆ ಅಕ್ಕಿಕಾಳಿಗೆ, ಅಂದ್ರೆ ಅಕ್ಷತೆ ಹಾಕೋ ಹೊತ್ತಿಗೆ, ಅತ್ತೆ ಕೊಟ್ಟಿರೋ ಇಳಕಲ್ ಸೀರೆ ಉಡೋದು ಅಂತ ಆಗಿದೆ. ಕಡು ಹಸಿರು ಒಡಲು, ಕೆಂಪು ದಡಿ, ಸೆರಗು ಕೆಂಪು, ಅದರಲ್ಲಿ ಬಿಳಿ ಹಲ್ಲು ಹಲ್ಲು ಥರ ಬರುತ್ತಲ್ಲ ಅದು. ಸಂಜೆ ಆರತಕ್ಷತೆಗೆ ಅಮ್ಮ ಕೊಡಿಸಿದ ಮೈಸೂರ್ ಸಿಲ್ಕ್, ಪ್ಲೇನ್ ನೇರಳೆ ಬಣ್ಣ, ಸಣ್ಣ ಜರಿ ಅಂಚು.

ನನ್ನ ಹತ್ರ ಇರೋದು ಇಷ್ಟು. ಒಂದು, ಅಮ್ಮನ ಎರಡೆಳೆ ಮುತ್ತಿನ ಸರ, ಮಧ್ಯ ಪದಕ ಇದೆ, ಜೊತೆಗೆ ಓಲೆ. ಎರಡು, ಆನ್‌ಲೈನಲ್ಲಿ ತಗೊಂಡ ಟೆಂಪಲ್ ಸೆಟ್, ಗೋಲ್ಡ್ ಕವರಿಂಗು, ಉದ್ದ ಹಾರ ಅದರಲ್ಲಿ ಲಕ್ಷ್ಮಿ, ಕೆಂಪು ಕಲ್ಲು, ದೊಡ್ಡ ಜುಮ್ಕಿ, ಸೊಂಟಕ್ಕೆ ಡಾಬು. ಮೂರು, ಅತ್ತೆ ಕೊಟ್ಟ ಹಳೇ ಬೋರಮಾಳ, ಚಿನ್ನದ ಗುಂಡು ಪೋಣಿಸಿದ ಸರ. ಇದು ಅವರ ಅತ್ತೆದಂತೆ. ಗುಂಡುಗಳು ಅಲ್ಲಲ್ಲಿ ತಗ್ಗು ಬಿದ್ದಿವೆ, ದಾರ ಎಣ್ಣೆ ಜಿಡ್ಡು ಹಿಡಿದು ಕಪ್ಪಾಗಿದೆ, ಹಾಕ್ಕೊಂಡ್ರೆ ಕತ್ತಿಗೆ ತೀರ ಮೇಲೆ ಕೂರುತ್ತೆ. ಇದನ್ನ ಕರಗಿಸಿ ಅದೇ ಚಿನ್ನದಲ್ಲಿ ಒಂದು ಹೊಸ ಟೆಂಪಲ್ ನೆಕ್ಲೇಸ್ ಮಾಡಿಸ್ಬಿಡು, ಎರಡಕ್ಕೂ ಆಗುತ್ತೆ ಅಂತ ಫ್ರೆಂಡ್ ಹೇಳ್ತಿದಾಳೆ. ಟೈಲರ್ ಬೋಟ್ ನೆಕ್ ಇಡ್ಲಾ ಅಂತ ಕೇಳಿದಾರೆ, ಇನ್ನೂ ಹೇಳಿಲ್ಲ. ನನ್ನ ಎತ್ತರ ಐದಡಿ ಅಷ್ಟೆ. ಏನ್ ಮಾಡ್ಲಿ?

ಗುಳೇದಗುಡ್ಡ_ಅಕ್ಕ:

ತಂಗಿ, ಮೊದಲ ಒಂದ್ ಮಾತು, ಬೋರಮಾಳ ಕರಗಸಬ್ಯಾಡ. ಉಳದದ್ದು ಆಮ್ಯಾಲ ಮಾತಾಡೂಣು.

ಇಳಕಲ್ ಸೀರಿ ಜೀವ ಸೆರಗಿನಾಗ ಐತಿ. ನೀ ಹಲ್ಲು ಹಲ್ಲು ಅಂದಿಯಲಾ, ಅದಕ್ಕ ಟೋಪ ತೆನಿ ಸೆರಗು ಅಂತಾರ. ಒಡಲಿನ ಹಾಸು, ಅಂದ್ರ ಉದ್ದಕ್ಕ ಹೋಗೂ ಎಳಿ, ಬ್ಯಾರೆ, ಸೆರಗಿನ ಹಾಸು ಬ್ಯಾರೆ, ಎರಡರ ಎಳಿ ಎಳಿ ಕೂಡಿಸಿ ಕೊಂಡಿ ಹಾಕಿ ಆಮ್ಯಾಲ ನೇಯ್ತಾರ. ಅಷ್ಟ್ ಕೆಂಪು ಎದಿ ಮ್ಯಾಲ ಹಾದು ಹೆಗಲಿಗೆ ಬರ್ತದ, ಅದರ ಮ್ಯಾಲ ನೀ ಮತ್ತ ಕೆಂಪು ಕಲ್ಲಿನ ಉದ್ದ ಹಾರ ಹಾಕಿದ್ರ ಸೆರಗೂ ಕಾಣೂದಿಲ್ಲ ಹಾರಾನೂ ಕಾಣೂದಿಲ್ಲ. ಹಳೇ ಇಳಕಲ್ಲಿಗೆ ಜರಿ ಮಿಂಚು ಇರೂದಿಲ್ಲ ನೋಡು, ಅದಕ್ಕ ಭಾಳ ಹೊಳಿಯೂ ಸಾಮಾನು ಹೊಂದೂದಿಲ್ಲ, ಮೆತ್ತಗ ಹೊಳಿಯೂ ಹಳೇ ಬಂಗಾರ ಹೊಂದ್ತದ. ಬೋರಮಾಳ, ಗುಂಡಿನ ಸರ, ಟೀಕಿ, ಇವೆಲ್ಲ ನಮ್ಮ ಕಡೆ ಈ ಸೀರಿ ಜೋಡಿನ ಬೆಳದು ಬಂದಾವ.

ಬೋಟ್ ನೆಕ್ ಬ್ಯಾಡ. ಗುಳೇದಗುಡ್ಡ ಖಣದ, ಅಂದ್ರ ನಮ್ಮ ಕಡೆ ಕುಪ್ಪಸಕ್ಕಂತನ ನೇಯೂ ಬಟ್ಟಿದು, ಕುಪ್ಪಸ ಹೊಲಿಸು, ದುಂಡ ಕೊಳ್ಳು, ಭಾಳ ಆಳ ಬ್ಯಾಡ. ಖಣದಾಗ ಸಣ್ಣ ಸಣ್ಣ ಬುಟ್ಟಾ ತುಂಬಿರ್ತಾವ, ಸರ ಆ ಬುಟ್ಟಾದ ಮ್ಯಾಲ ಕುಂತ್ರ ಎರಡೂ ಕಲಸಿ ಹೋಗ್ತಾವ, ಬರೇ ಕೊಳ್ಳಿನ ಮ್ಯಾಲ ಕುಂತ್ರ ಒಂದೊಂದು ಗುಂಡೂ ಎದ್ದ ಕಾಣ್ತದ.

ಇನ್ನೊಂದು ನಿನಗ ಬೆಂಗಳೂರಾಗ ಯಾರೂ ಹೇಳೂದಿಲ್ಲ, ಹಿರೇರು ಬಂದಾಗ, ಆರತಿ ಮುಂದ, ಸೆರಗು ತಲಿ ಮ್ಯಾಲ ಹೊಚ್ಚಕೋಬೇಕಾಗ್ತದ. ದಿನಕ್ಕ ಇಪ್ಪತ್ತು ಸಲ ಹೊಚ್ಚಕೊಂಡು ತಗೀತಿ. ದೊಡ್ಡ ಜುಮಕಿ ಇದ್ರ ಸೆರಗಿನ ಎಳಿ ಅದಕ್ಕ ಸಿಕ್ಕೊಂಡು ಜಗ್ತದ, ನಮ್ಮ ತಂಗೀ ಲಗ್ನದಾಗ ನನಗ ಹಂಗ ಆಗಿ ಕಿವಿ ಹರಿಯೂದೊಂದ ಉಳದಿತ್ತು. ಕಿವಿಗೆ ಅಂಟಿ ಕೂಡೂ ಓಲಿ ಹಾಕ್ಕೊ, ಕಿವಿ ಮ್ಯಾಲಿನ ಬುಗುಡಿ ಇದ್ರ ಇನ್ನೂ ಚಂದ. ನಿಮ್ಮ ಅವ್ವನ ಓಲಿ ಸಾಕು. ಜಡಿಬಿಲ್ಲಿ ಗಿಲ್ಲಿ ತರಬ್ಯಾಡ, ಸೆರಗಿನ ಒಳಗ ಯಾರಿಗೂ ಕಾಣೂದಿಲ್ಲ, ತುರುಬಿಗೆ ಹೂವು ಮುಡಕೊ.

ಕೈಗೆ ಹಸರ ಗಾಜಿನ ಬಳಿ ಬೇಕ ಬೇಕು, ಲಗ್ನದ ಮನ್ಯಾಗ ಬಳಿಗಾರರನ್ನ ಕರಸಿ ಎಲ್ಲಾರಿಗೂ ಇಡಸ್ತಾರ, ಅದಕ್ಕ ಮೊದಲ ಕೈ ತುಂಬ ಕವರಿಂಗ್ ಬಳಿ ಹಾಕ್ಕೊಂಡು ಹೋಗಬ್ಯಾಡ. ಅತ್ತಿಯವರ ಹಂತ್ಯಾಕ ಬಂಗಾರದ ಬಳಿ, ಪಾಟ್ಲಿ ಬಿಲ್ವಾರ, ಇದ್ರ ಒಂದ್ ದಿನಕ್ಕ ಕೇಳು, ಗಾಜಿನ ಬಳಿ ನಡುವ ಅವು ಕುಂತ್ರ ಮತ್ತೇನೂ ಬೇಕಾಗಿಲ್ಲ. ನೀ ಕೇಳಿದ್ರ ಅವರಿಗೂ ಖುಷಿ ಆಗ್ತದ.

ಗೆಜ್ಜೆ_ಹೆಜ್ಜೆ:

ನಾನು ಹದಿನೈದು ವರ್ಷ ಭರತನಾಟ್ಯ ಮಾಡಿದೀನಿ, ಟೆಂಪಲ್ ಜ್ಯುವೆಲರಿ ಅಂದ್ರೆ ನನಗೆ ಪ್ರಾಣ, ಆದ್ರೂ ಅಕ್ಕ ಹೇಳಿದ್ದಕ್ಕೇ ನನ್ನ ವೋಟು. ಈ ಆಭರಣ ಮೊದಲು ದೇವರ ವಿಗ್ರಹಕ್ಕೆ ಮಾಡ್ತಿದ್ದಿದ್ದು, ಆಮೇಲೆ ಡ್ಯಾನ್ಸರ್‌ಗಳಿಗೆ ಬಂತು. ತಮಿಳುನಾಡಿನ ನಾಗರಕೋಯಿಲ್‌ನ ವಡಸೇರಿಲಿ ಈಗ್ಲೂ ಮಾಡ್ತಾರೆ. ಗರ್ಭಗುಡಿ ದೀಪದ ಬೆಳಕಲ್ಲಿ, ಸ್ಟೇಜ್ ಮೇಲೆ, ದೂರದಿಂದ ನೋಡೋರಿಗೆ ಕಾಣ್ಬೇಕು ಅಂತಾನೇ ಅಷ್ಟು ದಪ್ಪ, ಅಷ್ಟು ಕಲ್ಲು. ಮದುವೆ ಮನೆಲಿ ನಿಮ್ಮನ್ನ ಎರಡಡಿ ದೂರದಿಂದ ನೋಡ್ತಾರೆ. ನೀವು ಐದಡಿ ಅಂತೀರಿ, ಹೊಟ್ಟೆವರೆಗೆ ಬರೋ ಹಾರ ಮತ್ತೆ ಕೆಳಗೆ ಡಾಬು ಎರಡೂ ಹಾಕಿದ್ರೆ ದೇಹನ ಎರಡು ಕಡೆ ಕತ್ತರಿಸಿದ ಹಾಗೆ ಕಾಣುತ್ತೆ, ಇನ್ನೂ ಕುಳ್ಳಗೆ ಕಾಣ್ತೀರ. ಜೊತೆಗೆ ಹಿರಿ ಸೊಸೆ ಅಂದ್ರೆ ಬಗ್ಗಿ ಎದ್ದು ಬಡಿಸಿ ಓಡಾಡೋದಿರುತ್ತೆ, ಡಾಬು ಹಾಕ್ಕೊಂಡು ಅದೆಲ್ಲ ಆಗಲ್ಲ. ಆ ಸೆಟ್ ಎತ್ತಿಡಿ, ಅಗಲ ಜರಿ ಇರೋ ಕಂಚಿ ಸೀರೆ ಉಟ್ಟಾಗ ಅದಕ್ಕೆ ಅದರ ಜಾಗ ಸಿಗುತ್ತೆ.

ರೇಷ್ಮೆಹುಳ:

ನಾನು ಒಪ್ಪಲ್ಲ, ಕ್ಷಮಿಸಿ. ಈಗಿನ ಹುಡುಗೀರು ಇಳಕಲ್ ಸೀರೆಗೆ ಬೆಳ್ಳಿ ಆಕ್ಸಿಡೈಸ್ಡ್ ಹಾಕ್ತಾರೆ, ಟೆಂಪಲ್ಲೂ ಹಾಕ್ತಾರೆ, ಚೆನ್ನಾಗೇ ಇರುತ್ತೆ. ಜುಮ್ಕಿ ಒಂದನ್ನ ಮಾತ್ರ ಹಾಕಿ ಹಾರ ಬಿಟ್ರೂ ಆಗುತ್ತೆ. ಆದ್ರೆ ಕರಗಿಸ್ಬೇಡಿ ಅನ್ನೋದು ಸರಿ.

ಗುಳೇದಗುಡ್ಡ_ಅಕ್ಕ:

ಬೆಳ್ಳಿ ಆಫೀಸಿಗೆ ಹೋಗುವಾಗ ಹಾಕ್ಕೊಳ್ರಿ, ನಾನೂ ಹಾಕ್ಕೋತೀನಿ, ಚಂದ ಕಾಣ್ತದ. ಅಕ್ಕಿಕಾಳಿನ ಹೊತ್ತಿನಾಗ ಕೊಳ್ಳಾಗ ಬಂಗಾರನ ಇರಬೇಕು, ಸಣ್ಣದಿರಲಿ, ನಡೀತದ.

ಕುಲುಮೆ_ಕೆಲಸ:

ನಮ್ಮದು ಮೂರು ತಲೆಮಾರಿಂದ ಚಿನ್ನದ ಕೆಲಸ, ಹಾಗಾಗಿ ಆ ಸರದ ಬಗ್ಗೆ ಹೇಳ್ತೀನಿ. ಬೋರಮಾಳದ ಗುಂಡು ಗಟ್ಟಿ ಚಿನ್ನ ಅಲ್ಲ. ತೆಳ್ಳಗೆ ತಗಡು ಬಡಿದು, ಗುಂಡು ಮಾಡಿ, ಒಳಗೆ ಅರಗು ತುಂಬಿರ್ತಾರೆ. ನೋಡೋಕೆ ದಪ್ಪ, ಚಿನ್ನ ಮಾತ್ರ ಕಡಿಮೆ. ಕರಗಿಸಿದ್ರೆ ಅರಗೆಲ್ಲ ಉರಿದು ಹೋಗುತ್ತೆ, ತೂಕದಲ್ಲಿ ನೀವು ಅಂದ್ಕೊಂಡಿದ್ರಲ್ಲಿ ಎಷ್ಟೋ ಕಮ್ಮಿ ಬರುತ್ತೆ, ಜೊತೆಗೆ ಹಳೇ ಒಡವೆಗಳಲ್ಲಿ ಬೆಸುಗೆ ಇರುತ್ತೆ, ಎಲ್ಲಾ ಸಲ 916, ಅಂದ್ರೆ 22 ಕ್ಯಾರೆಟ್ ಶುದ್ಧತೆ, ಬರೋದಿಲ್ಲ. ಆಮೇಲೆ ಹೊಸದಕ್ಕೆ ಮೇಕಿಂಗು, ವೇಸ್ಟೇಜು, ಜಿಎಸ್‌ಟಿ. ಒಂದು ನೆಕ್ಲೇಸ್ ಆಗೋಷ್ಟು ಚಿನ್ನ ಅದರಲ್ಲಿ ಇರೋದೇ ಅನುಮಾನ.

ತಗ್ಗು ಬಿದ್ದಿರೋದನ್ನ ಹೊರಗಿಂದ ಬಡಿಸೋಕೆ ಹೋಗ್ಬೇಡಿ, ತಗಡು ಸೀಳುತ್ತೆ. ಒಂದೊಂದೇ ಗುಂಡನ್ನ ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, ದಾರ ಹೋಗೋ ತೂತಿನ ಬಾಯಿ ಹತ್ರ ಸೀಳಿದ್ಯಾ, ಅರಗು ಕೆಂಪಗೆ ಇಲ್ಲಾ ಕಪ್ಪಗೆ ಇಣುಕ್ತಿದ್ಯಾ ಅಂತ. ಅಂಥ ಗುಂಡು ಮಾತ್ರ ರಿಪೇರಿಗೆ. ತಗ್ಗು ಇರೋದನ್ನ ಹಿಂದೆ ಕತ್ತಿನ ಕಡೆಗೆ ಹೋಗೋ ಹಾಗೆ ಪೋಣಿಸಿದ್ರೆ ಮುಂದೆ ಎಲ್ಲಾ ಚೆನ್ನಾಗಿರೋ ಗುಂಡೇ ಕಾಣುತ್ತೆ. ಸರ ಪೋಣಿಸೋರು ಬಾಗಲಕೋಟೆ ಕಡೆ ಸಿಗ್ತಾರೆ, ಪಟವೇಗಾರರು ಅಂತ ಕೇಳಿ. ಹಿಂದೆ ಜಾರೋ ಗಂಟು ಹಾಕಿ ಉದ್ದಕ್ಕೆ ದಾರ ಬಿಡಿಸಿಕೊಳ್ಳಿ, ಆಗ ಮೇಲೆ ಕೆಳಗೆ ಬೇಕಾದಷ್ಟು ಎಳ್ಕೋಬಹುದು, ಕತ್ತಿಗೆ ಬಿಗಿ ಅನ್ನೋದು ಅಲ್ಲಿಗೆ ಮುಗೀತು.

ತೊಳೆಯೋದು ಮಾತ್ರ ದಯವಿಟ್ಟು ಬೇಡ. ಬಿಸಿ ನೀರು ಸೋಪು ಹಾಕಿ ನೆನೆಸಿಟ್ಟು ಅರಗು ಮೆತ್ತಗಾಗಿ ಹೊರಗೆ ಬಂದಿರೋ ಸರಗಳು ನಮ್ಮ ಹತ್ರ ಎಷ್ಟೋ ಬಂದಿವೆ. ಒಣ ಮಲ್ ಬಟ್ಟೆಲಿ ಒರೆಸಿ, ಸಾಕು.

ಮುಂದೆ ಯಾವಾಗಾದ್ರೂ ಹೊಸ ಚಿನ್ನ ತಗೊಂಡ್ರೆ ಹಾಲ್‌ಮಾರ್ಕ್ ಜೊತೆ ಆರು ಅಕ್ಷರ-ಅಂಕಿಯ ಎಚ್‌ಯುಐಡಿ, ಅಂದ್ರೆ ಆ ಒಡವೆಯ ಗುರುತಿನ ನಂಬರ್, ಇದ್ಯಾ ನೋಡಿ, 2023ರ ಏಪ್ರಿಲ್ 1ರಿಂದ ಅದಿಲ್ದೇ ಹಾಲ್‌ಮಾರ್ಕ್ ಒಡವೆ ಮಾರೋ ಹಾಗಿಲ್ಲ. ಬಿಐಎಸ್ ಕೇರ್ ಆಪಲ್ಲಿ ಆ ನಂಬರ್ ಹಾಕಿದ್ರೆ ಗೊತ್ತಾಗುತ್ತೆ.

ಕಾಫಿತೋಟ_ಮಡಿಕೇರಿ:

ಅರಗು ಅಂದ ತಕ್ಷಣ ಬರೀಬೇಕು ಅನ್ನಿಸ್ತು. ನಮ್ಮ ಕೊಡವರ ಜೋಮಾಲೆನೂ ಹೀಗೇ, ಚಿನ್ನದ ಮಣಿ, ಒಳಗೆ ಅರಗು, ಕಪ್ಪು ದಾರ. ನಮ್ಮಲ್ಲಿ ಸೀರೆ ನೆರಿಗೆ ಹಿಂದಕ್ಕೆ ಬರುತ್ತೆ, ಸೆರಗು ಎದೆ ಮೇಲಿಂದ ಹಾದು ಬಲ ಹೆಗಲಿಗೆ ಪಿನ್ ಆಗುತ್ತೆ, ಹಾಗಾಗಿ ಮುಂದೆ ಕಾಣೋ ಜಾಗ ಸ್ವಲ್ಪವೇ. ನಮ್ಮಮ್ಮ ಆ ಜಾಗಕ್ಕೆ ಒಂದು ಜೋಮಾಲೆ, ಒಂದು ಕೊಕ್ಕೆತಾತಿ, ಇಷ್ಟೇ ಹಾಕೋದು. ಕೊಕ್ಕೆತಾತಿ ಅಂದ್ರೆ ಅರ್ಧಚಂದ್ರ ಥರದ ಪದಕ, ಕೆಂಪು ಕಲ್ಲು ಇರುತ್ತೆ. ನಾನು ಕಾಲೇಜಲ್ಲಿ ಇದ್ದಾಗ ಇದರ ಜೊತೆ ಇನ್ನೊಂದು ನೆಕ್ಲೇಸ್ ಹಾಕ್ಕೊಂಡು ಬಂದಿದ್ದೆ, ಅಮ್ಮ ಏನೂ ಬೈಯ್ಲಿಲ್ಲ, ಹಿಂದೆ ಬಂದು ಹೊಸದನ್ನ ಬಿಚ್ಚಿ ಕೈಗೆ ಕೊಟ್ಟು ಕನ್ನಡಿ ಕಡೆ ತಿರುಗಿಸಿದ್ರು. ಆವತ್ತಿಂದ ನಾನು ರೆಡಿಯಾದ ಮೇಲೆ ಒಂದು ಬಿಚ್ಚಿ ನೋಡ್ತೀನಿ. ನಿಮ್ಮ ಬೋರಮಾಳಕ್ಕೂ ತಾಳಿ ಸರ ಒಂದು ಬಿಟ್ಟು ಬೇರೆ ಜೊತೆ ಬೇಡ ಅಂತ ನನ್ನ ಅನಿಸಿಕೆ.

ಗೆಜ್ಜೆ_ಹೆಜ್ಜೆ:

ಸಂಜೆ ಸೀರೆ ಬಗ್ಗೆ ಯಾರೂ ಹೇಳಲೇ ಇಲ್ಲ. ಮೈಸೂರ್ ಸಿಲ್ಕಿಗೆ ಮುತ್ತೇ ಹಾಕಿ, ಯೋಚನೆನೇ ಬೇಡ. ನೇರಳೆ ಮೇಲೆ ಮುತ್ತು ಅಷ್ಟು ಚೆನ್ನಾಗಿ ಕಾಣುತ್ತೆ. ಆ ಸೀರೆ ಕ್ರೇಪು, ಮೈಗೆ ನೀರಿನ ಥರ ಇಳಿಯುತ್ತೆ, ಅದರ ಮೇಲೆ ಒರಟು ಅಂಚಿನ ಕವರಿಂಗ್ ಹಾರ ಉಜ್ಜಿದ್ರೆ ಎಳೆ ಏಳುತ್ತೆ, ಒಂದು ಎಳೆ ಎದ್ರೆ ಮುಗೀತು ಕಣ್ರೀ. ಬ್ರೇಸ್ಲೆಟ್, ವಾಚ್ ಸ್ಟ್ರಾಪ್ ಬಕಲ್ಲೂ ನೋಡ್ಕೊಳ್ಳಿ. ಸರ್ಕಾರಿ ರೇಷ್ಮೆ ನಿಗಮ ಕೆಎಸ್‌ಐಸಿದು ಸೀರೆ ಆದ್ರೆ ಜರಿಲಿ ನಿಜವಾಗ್ಲೂ ಚಿನ್ನ ಇರುತ್ತೆ, 0.65%, ಮತ್ತೆ ಬೆಳ್ಳಿ 65%. ಬೆಳ್ಳಿ ಇರೋದ್ರಿಂದ ಸೆಂಟು ತಾಗಿದ್ರೆ ಕಪ್ಪಾಗುತ್ತೆ, ಮುತ್ತಿಗೂ ಸೆಂಟು ಆಗಲ್ಲ, ಹೊಳಪು ಹೋಗುತ್ತೆ. ಸೀರೆ ಉಡೋ ಮುಂಚೆನೇ ಸೆಂಟ್ ಹಾಕಿ ಒಣಗೋಕೆ ಬಿಡಿ, ಮುತ್ತು ಎಲ್ಲಕ್ಕಿಂತ ಕೊನೆಗೆ ಹಾಕ್ಕೊಳ್ಳಿ, ವಾಪಸ್ ಬಂದಾಗ ಮೊದಲು ಅದನ್ನೇ ಬಿಚ್ಚಿ ಮೆತ್ತಗಿನ ಬಟ್ಟೆಲಿ ಒರೆಸಿ ಇಡಿ.

ಸಂಪಿಗೆ_ಮೈಸೂರು:

ಎಲ್ರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಸರ ತೆಗೆದು ಟ್ಯೂಬ್‌ಲೈಟ್ ಕೆಳಗೆ ಒಂದೊಂದೇ ಗುಂಡು ನೋಡಿದೆ. ಒಟ್ಟು 32 ಇವೆ, ಐದರಲ್ಲಿ ತಗ್ಗು, ಒಂದರಲ್ಲಿ ಮಾತ್ರ ತೂತಿನ ಹತ್ರ ಸೀಳಿದೆ. ಅತ್ತೆಗೆ ಫೋನ್ ಮಾಡಿ ದಾರ ಬದಲಾಯಿಸ್ಲಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತೇ ಆಡ್ಲಿಲ್ಲ. ಆಮೇಲೆ, ಅದು ನನ್ನ ಲಗ್ನದಾಗ ಹಾಕಿಸಿದ ದಾರ ವಾ, ನೀ ಹಾಕ್ಕೋತಿ ಅಂದ್ರ ಹೊಸಾದು ಹಾಕಸೂಣು, ನಾನೂ ಬರ್ತೀನಿ ಅಂದ್ರು. ಪಾಟ್ಲಿನೂ ಕೇಳಿದೆ, ಕೊಡ್ತಾರಂತೆ. ಟೈಲರಿಗೆ ದುಂಡು ಕತ್ತು ಅಂತ ಹೇಳಾಯ್ತು. ಮದುವೆಗೆ ಹದಿನೈದು ದಿನ ಮುಂಚೆ ಊರಿಗೆ ಹೋಗ್ತಿದೀನಿ. ಕೊನೇ ಪ್ರಶ್ನೆ, ದಾರ ಕಪ್ಪು ಹಾಕಿಸ್ಲಾ ಕೆಂಪು ಹಾಕಿಸ್ಲಾ?

ಗುಳೇದಗುಡ್ಡ_ಅಕ್ಕ:

ದಡಿ ಕೆಂಪೈತಿ, ಕೆಂಪು ರೇಶಿಮಿ ದಾರನ ಹಾಕಸು, ತುದಿಗೆ ಸಣ್ಣ ಗೊಂಡೆ ಬಿಡಸು. ಮತ್ತ ಹಳೇ ದಾರ ಒಗದು ಗಿಗದು ಬಂದೀಯವಾ, ಅತ್ತಿಯವರ ಕೈಯಾಗ ಕೊಡು. ಖಣ ಯಾವ ಬಣ್ಣದ್ದು ತಂದಿ ಹೇಳು ಮೊದಲ, ಇನ್ನೂ ತಂದಿಲ್ಲಂದ್ರ ಇಲ್ಲಿಗೇ ಬಾ, ಕೂಡಿ ಹೋಗಿ ಆರಸೂಣು.