ಡ್ರಮ್ ಪಾಠದ ‘ಆಕ್ಸೆಂಟ್’ ಅನ್ನು ‘ಒತ್ತು’ ಎನ್ನಬಹುದೇ?

ಬಲ್ಲವರಿಗೆ ನಮಸ್ಕಾರ. ಬಸವನಗುಡಿಯಲ್ಲಿ ಮಕ್ಕಳಿಗೆ ಡ್ರಮ್ಸ್ ಕಲಿಸುವ ನಾನು ಅವರಿಗಾಗಿ ಅಭ್ಯಾಸದ ಹಾಳೆಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಪ್ಯಾರಡಿಡಲ್ ಎಂಬ ಪಾಠದಲ್ಲಿ ಕೈಗಳು ‘ಬಲ ಎಡ ಬಲ ಬಲ, ಎಡ ಬಲ ಎಡ ಎಡ’ ಎಂದು ಸಾಗುವಾಗ ಪ್ರತಿ ನಾಲ್ಕರ ಮೊದಲ ಪೆಟ್ಟು ಎದ್ದು ಕೇಳಬೇಕು, ಉಳಿದ ಮೂರು ಮೆತ್ತಗಿರಬೇಕು. ಹೀಗೆ ಎದ್ದು ಕೇಳುವ ಪೆಟ್ಟೇ ‘ಆಕ್ಸೆಂಟ್’, ಅದಕ್ಕೆ ಇದುವರೆಗೆ ‘ಒತ್ತು’ ಎಂದು ಬರೆಯುತ್ತಿದ್ದೆ.

ಅದನ್ನು ಓದಿದ ಹುಡುಗನೊಬ್ಬ ಕೋಲನ್ನು ರಬ್ಬರ್ ಪ್ಯಾಡಿಗೆ ನಿಜವಾಗಿಯೇ ಒತ್ತಿ ಹಿಡಿದ. ತಪ್ಪು ಅವನದಲ್ಲ, ಪದದ್ದು. ಆಕ್ಸೆಂಟ್ ಹುಟ್ಟುವುದು ಅದುಮುವುದರಿಂದಲ್ಲ, ಕೋಲು ಬೀಳುವ ಎತ್ತರದಿಂದ: ಎದ್ದು ಕೇಳಬೇಕಾದ ಪೆಟ್ಟಿಗೆ ಕೋಲಿನ ತುದಿ ಸುಮಾರು ಒಂಬತ್ತು ಹತ್ತು ಅಂಗುಲ ಮೇಲಿಂದ ಬಂದರೆ, ಮೆತ್ತನೆಯದಕ್ಕೆ ಎರಡು ಮೂರು ಅಂಗುಲ ಸಾಕು, ದೊಡ್ಡ ಪೆಟ್ಟಾದ ಕೂಡಲೇ ಕೋಲನ್ನು ಪುಟಿಯಗೊಡದೆ ತಗ್ಗಿನಲ್ಲೇ ತಡೆದು ನಿಲ್ಲಿಸುವುದೇ ಈ ಅಭ್ಯಾಸದ ಅತ್ಯಂತ ಕಷ್ಟದ ಭಾಗ. ಕೋಲನ್ನು ಚರ್ಮಕ್ಕೆ ಒತ್ತಿ ನಡುಗಿಸುವ ಪ್ರೆಸ್ ರೋಲ್ ಎಂಬ ಬೇರೆಯೇ ವಿದ್ಯೆಯಿದ್ದು, ‘ಒತ್ತು’ ಅಲ್ಲಿಗೆ ಮೀಸಲಾಗಿರುವುದು ನ್ಯಾಯ. ನಾಗಸ್ವರದ ಜೊತೆ ಶ್ರುತಿ ಹಿಡಿಯುವ ವಾದ್ಯಕ್ಕೂ ‘ಒತ್ತು’ ಎಂಬ ಹೆಸರು ಮೊದಲೇ ಇದೆ. ಇನ್ನೊಬ್ಬಳು, ಸ್ವರದ ಮೇಲೆ ಬರೆದ ಆಕ್ಸೆಂಟಿನ ಗುರುತನ್ನು ನೋಡಿ, “ಒತ್ತು ಅಕ್ಷರದ ಕೆಳಗೆ ತಾನೇ ಬರೋದು, ಸರ್?” ಎಂದು ಕೇಳಿದಳು. ಅವಳ ಪ್ರಶ್ನೆಯೂ ಸರಿಯೇ.

‘ಘಾತ’ ಎನ್ನೋಣವೆಂದರೆ, ಕರ್ನಾಟಕ ಸಂಗೀತದಲ್ಲಿ ಅದು ತಾಳ ಹಾಕುವಾಗಿನ ಅಂಗೈ ಪೆಟ್ಟು. ಅದು ತಾಳದಲ್ಲಿ ನಿಂತ ಜಾಗದಲ್ಲೇ ಬರುತ್ತದೆ, ಆಕ್ಸೆಂಟ್ ಆದರೋ ಯಾವ ಪೆಟ್ಟಿನ ಮೇಲಾದರೂ ಕೂರಬಹುದು. ‘ಗಟ್ಟಿಪೆಟ್ಟು’ ಎಂದರೆ ಮಕ್ಕಳು ಭುಜದ ಬಲವನ್ನೆಲ್ಲ ಹಾಕುತ್ತಾರೆ. ‘ಎತ್ತುಪೆಟ್ಟು’ ನನಗೆ ಬಹಳ ಹಿಡಿಸಿತ್ತು, ಆದರೆ ಮೆತ್ತಗೆ ತಟ್ಟಿ ಮುಂದಿನದಕ್ಕಾಗಿ ಕೋಲನ್ನು ಎತ್ತುವ ಅಪ್ ಸ್ಟ್ರೋಕ್‌ಗೆ ಅದು ಬೇಕಾಗುತ್ತದೆ. (ಪೆಟ್ಟುಗಳು ಎಡೆಬಿಡದೆ ಒಂದೇ ಸದ್ದಾಗಿ ಕೇಳುವ ರೋಲ್‌ಗೆ ಮಾತ್ರ ಈ ತೊಡಕಿಲ್ಲ, ಯಕ್ಷಗಾನದ ಚೆಂಡೆಯವರ ‘ಉರುಳಿಕೆ’ ಸಿದ್ಧವಾಗಿಯೇ ಇದೆ.)

ಸದ್ಯ ‘ಏರುದನಿ’ಯ ಮಾದರಿಯಲ್ಲಿ ‘ಏರುಪೆಟ್ಟು’ ಮತ್ತು ‘ತಗ್ಗುಪೆಟ್ಟು’ ಎಂಬ ಜೋಡಿಯನ್ನು ಬಳಸುತ್ತಿದ್ದೇನೆ. ಎತ್ತರವನ್ನೂ ಸದ್ದನ್ನೂ ಇವು ಒಟ್ಟಿಗೆ ಹೇಳುತ್ತವೆ. ‘ಏರುಪೆಟ್ಟು’ ಎಂದೊಡನೆ ನಿಮಗೆ ಒಂದೇ ಎತ್ತರದ ಪೆಟ್ಟು ತೋರುತ್ತದೆಯೇ, ಅಥವಾ ಏರುತ್ತಲೇ ಹೋಗುವ ಪೆಟ್ಟುಗಳ ಸಾಲು ತೋರುತ್ತದೆಯೇ? ತಮಟೆ, ಡೊಳ್ಳು, ಚೆಂಡೆ ನುಡಿಸುವವರ ಬಾಯಲ್ಲಿ ಇದಕ್ಕೆ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ, ಹಾಳೆಗಳನ್ನು ತಿದ್ದಿಕೊಳ್ಳುತ್ತೇನೆ.