ಸಹಾಯ ಬೇಕು: ಲಾಕಪ್‌ನಲ್ಲಿ ಆತ್ಮಹತ್ಯೆ, ಕಾವಲುಗಾರ ಪಾರಾದರೆ ನಗರಾಡಳಿತವೂ ಪಾರೇ?

ಅಮೆರಿಕದ ಕಾನೂನು ಬಲ್ಲವರು ದಯವಿಟ್ಟು ನೆರವಾಗಿ. ಸ್ನೇಹಿತರೊಬ್ಬರ ತಮ್ಮ ಅಲ್ಲಿನ ನಗರವೊಂದರ ಪೊಲೀಸ್ ಲಾಕಪ್‌ನಲ್ಲಿ, ವಿಚಾರಣೆಗೂ ಮೊದಲೇ, ಆತ್ಮಹತ್ಯೆ ಮಾಡಿಕೊಂಡ. ಒಳಗೆ ಕರೆದೊಯ್ದವರು ಅವನ ಮನಸ್ಥಿತಿಯ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲವಂತೆ. ಇದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಕುಟುಂಬ ಸೆಕ್ಷನ್ 1983ರಡಿ (ಸರ್ಕಾರಿ ಅಧಿಕಾರ ಬಳಸಿ ಸಾಂವಿಧಾನಿಕ ಹಕ್ಕು ಕಸಿದವರ ಮೇಲೆ ಪರಿಹಾರ ಕೇಳಲು ಅವಕಾಶ ನೀಡುವ ಅಲ್ಲಿನ ಕಾನೂನು) ದಾವೆ ಹೂಡಲು ಹೊರಟಿದೆ. ಕಂಡ ವಕೀಲರು ‘ಕಷ್ಟ’ ಎಂದಷ್ಟೇ ಹೇಳಿ ಕಳುಹಿಸಿದರು. ಹಾಗಾಗಿ ನಾನೇ ಸುಪ್ರೀಂ ಕೋರ್ಟ್ ತೀರ್ಪುಗಳನ್ನು ಓದಲು ಕುಳಿತೆ. 1978ರ ಮೊನೆಲ್ ತೀರ್ಪಿನ ಪ್ರಕಾರ, ಸಿಬ್ಬಂದಿ ತಪ್ಪು ಮಾಡಿದ ಮಾತ್ರಕ್ಕೆ ನಗರ ಹೊಣೆಯಲ್ಲ; ಅದರ ನೀತಿ ಅಥವಾ ರೂಢಿಯಿಂದಲೇ ಹಾನಿಯಾಗಿರಬೇಕು. ತರಬೇತಿಯ ಕೊರತೆಯೂ ಆಧಾರವಾಗಬಹುದು ಎನ್ನುತ್ತದೆ 1989ರ ಕ್ಯಾಂಟನ್ ತೀರ್ಪು, ಆದರೆ ಅದು ಉದ್ದೇಶಪೂರ್ವಕ ಉಪೇಕ್ಷೆಯ ಮಟ್ಟದ್ದಾಗಿರಬೇಕು. ಇಲ್ಲಿಯವರೆಗೆ ಅರ್ಥವಾಯಿತು.

ಸಿಕ್ಕಿಕೊಂಡಿರುವುದು ಮುಂದೆ. ಅಧಿಕಾರಿಗೆ ಇಂಥ ದಾವೆಯಿಂದ ಸಿಗುವ ವಿನಾಯಿತಿಯ ರಕ್ಷಣೆ ನಗರಕ್ಕೆ ಇಲ್ಲ ಎಂದಿದೆ 1980ರ ಓವನ್ ತೀರ್ಪು. ಅಧಿಕಾರಿ ಸಂವಿಧಾನವನ್ನೇ ಉಲ್ಲಂಘಿಸಿಲ್ಲವೆಂದಾದರೆ ನಗರದ ಮೇಲಿನ ದಾವೆಯೂ ನಿಲ್ಲದು ಎಂದಿದೆ 1986ರ ಹೆಲ್ಲರ್ ತೀರ್ಪು. ಹಾಗಾದರೆ, ‘ಅಪಾಯವಿದೆಯೆಂದು ನನಗೆ ಗೊತ್ತಿರಲಿಲ್ಲ’ ಎಂದು ಕಾವಲುಗಾರ ಪಾರಾದಾಗ, ಬಂಧಿತರ ಮನಸ್ಥಿತಿ ವಿಚಾರಿಸುವ ವ್ಯವಸ್ಥೆಯನ್ನೇ ಮಾಡದ ನಗರವನ್ನು ಪ್ರತ್ಯೇಕವಾಗಿ ಹೊಣೆ ಮಾಡಬಹುದೇ? ಅಲ್ಲಿನ ಯಾವ ಮೇಲ್ಮನವಿ ನ್ಯಾಯಾಲಯ ಇದನ್ನು ಒಪ್ಪಿದೆ?